ಙಕಾರದ ಸಾಕ್ಷಿ

ಕಂತು ೭

ನೂರಾ ಹದಿನೇಳನೆಯ ಸಾಲಿಗೂ ನೂರಾ ಹದಿನೆಂಟನೆಯ ಸಾಲಿಗೂ ಅಪ್ಪ-ಮಗನ ಸಂಬಂಧವೇ ಇರಲಿಲ್ಲ.

ಫುವಾತಿನೋ ಮತ್ತೊಮ್ಮೆ ತಾಳೆ ನೋಡಿದಳು. ಸಾಲುಗಳ ಸಂಖ್ಯೆಯೇನೋ ಸರಿಯಾಗಿತ್ತು. ಭಾನುವಾರ ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೊರಟ ಮಕ್ಕಳಂತೆ ಒಂದರ ಹಿಂದೊಂದು ನೀಟಾಗಿ ನಿಂತಿದ್ದವು. ಆದರೆ ಹದಿನೆಂಟರ ಕಿವಿ ಹಿಡಿದು 'ನಿನ್ನಪ್ಪ ಯಾರು?' ಎಂದರೆ ಅದು ಹದಿನೇಳನ್ನು ತೋರಿಸುತ್ತಿರಲಿಲ್ಲ. ಅಲ್ಲಿ ಇಲ್ಲದ ಇನ್ಯಾರನ್ನೋ ತೋರಿಸುತ್ತಿತ್ತು.

"ಅಜ್ಜಾ! ಸಿಕ್ತು!" ಕುರ್ಚಿ ಬೀಳುವಂತೆ ಎದ್ದಳು. "ನಡುವಿಂದ ಒಬ್ಬನ್ನ ಎತ್ತಿಬಿಟ್ಟಿದಾರೆ. ಎತ್ತಿ, ಹಿಂದಿನವರನ್ನೆಲ್ಲ ಮುಂದಕ್ಕೆ ತಳ್ಳಿ, ನಂಬರು ತಿದ್ದಿ ಕೂರಿಸಿದಾರೆ!"

ಔವಾಲೆ ಕನ್ನಡಕ ಒರೆಸುವುದನ್ನು ನಿಲ್ಲಿಸಲಿಲ್ಲ. ಎಪ್ಪತ್ತನಾಲ್ಕು ವರ್ಷ. ಇಸ್ತ್ರಿಯ ಬಿಳಿ ಅಂಗಿ, ಸೊಂಟಕ್ಕೆ ನೀಲಿ ಲಾವಲಾವಾ. ಸಮೋವಾದ ಅಪಿಯಾ ಬಂದರಿನ ಎದುರಿನ ಈ ವಂಶಾವಳಿ ಭಂಡಾರದ ಮರದ ಮೆಟ್ಟಿಲುಗಳನ್ನು ಹತ್ತಿಳಿದೇ ಸವೆಸಿದ ಕಾಲು ಅವನದು.

"ಸಿಕ್ಕಿದ್ದು ಕಳ್ಳನೋ, ಕಳ್ಳತನವೋ?"

"ಕಳ್ಳತನ."

"ಅದು ಶನಿವಾರವೇ ಸಿಕ್ಕಿತ್ತಲ್ಲ ತಾಯಿ. ಅದಕ್ಕೇ ನಾಳೆ ಬೆಳಗ್ಗೆ ನನ್ನ ಹೆಸರು ಕಿತ್ಕೋತಾರೆ."

ಶನಿವಾರ, ಲೆಯಾನಿವಾ ಮನೆತನದ ಪಟ್ಟ ಯಾರಿಗೆಂಬ ಸಭೆಯಲ್ಲಿ, ಎದುರು ಪಕ್ಷದ ಮಾತುಗಾರ ತೂಫಾಲೆ ಎದ್ದು ನಿಂತು ಆ ಮನೆಯ ಏಳು ತಲೆಮಾರಿನ ಹೆಸರುಗಳನ್ನು ಗಡಗಡ ಒಪ್ಪಿಸಿಬಿಟ್ಟಿದ್ದ. ಕೊನೆಗೆ, "ಬೇರೆ ಕೈಗೆ ಹೋದ ಒಂದು ಮಗುವೂ ಇದೆ" ಎಂದು ಮೀಸೆಯಲ್ಲೇ ನಕ್ಕಿದ್ದ. ಆ ಮಗುವಿನ ಸಂಗತಿ ಭಂಡಾರದಲ್ಲಿಟ್ಟ ಒಂದು ಪುಸ್ತಕಕ್ಕೆ ಬಿಟ್ಟರೆ ಮತ್ತಾರಿಗೂ ಗೊತ್ತಿರಲಿಲ್ಲ.

ವಂಶಾವಳಿಯೆಂದರೆ ಮನೆಯ ಕರುಳು. ಅದನ್ನು ಬೀದಿಗೆ ಎಳೆದವನಿಗೆ ಇವರ ಊರು ವೈತಾಲಿಯಲ್ಲಿ ಕಾಲಿಡಲು ನೆಲವಿಲ್ಲ. ನಾಳೆ ಬೆಳಗ್ಗೆ ಹಿರಿಯರ ಸಭೆ, ಫೋನೋ, ಕೂಡುತ್ತದೆ. ಅಷ್ಟರಲ್ಲಿ ಕಳ್ಳನ ಹೆಸರು ಬರದಿದ್ದರೆ ಭಂಡಾರದ ಕಾವಲುಗಾರನೇ ಕಳ್ಳ. ಔವಾಲೆ ಎಂಬ ಪಟ್ಟದ ಹೆಸರನ್ನು ಅಲ್ಲೇ ಕಳಚಿಟ್ಟು, ಹೆಂಡತಿಯ ಗೋರಿ ಇರುವ ಅಂಗಳ ಬಿಟ್ಟು, ಮುದುಕ ಊರಾಚೆ ನಡೆಯಬೇಕು.

"ಕಿತ್ಕೊಳ್ಳೋಕೆ ನಾನು ಬಿಟ್ರೆ ತಾನೆ," ಎಂದಳು ಫುವಾತಿನೋ. ಅವಳ ಕಣ್ಣು ಹೊಳೆಯುತ್ತಿತ್ತು.

ಮೂರು ವಾರದ ಹಿಂದಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಭಂಡಾರದ ಹುಡುಕಾಟದ ಸರ್ವರ್ ಆಗ ಕೇಳಿದವರಿಗೆಲ್ಲ ಹೇಳುವ, ಹೇಳಿದ್ದನ್ನೆಲ್ಲ ಮರೆಯುವ ಪೆದ್ದು ದೇವತೆ. ಯಾರು ಬಂದರು, ಯಾವ ಮನೆಯ ಬೇರು ಕೆದಕಿದರು, ಒಂದೂ ನೆನಪಿಲ್ಲ. ಅದಕ್ಕೆ ಜ್ಞಾಪಕಶಕ್ತಿ ಕೊಟ್ಟವಳು ಫುವಾತಿನೋ. ಒಂದು ಕಾವಲು ದಿನಚರಿ: ಯಾರು ಕೇಳಿದರು, ಯಾವಾಗ, ಯಾವ ಪದ, ಯಾವ ಪುಸ್ತಕ ತೆರೆಯಿತು. ಪ್ರತಿ ಸಾಲಿನ ಮೈಯಲ್ಲೂ ಹಿಂದಿನ ಸಾಲಿನ ಮಚ್ಚೆ. ಒಂದನ್ನು ತೆಗೆದರೆ ಮುಂದಿನದು ಅನಾಥ.

ಅದನ್ನು ವಿವರಿಸಿದ ದಿನ ಭಂಡಾರದ ಮಂಡಳಿಯವರೆಲ್ಲ ಆಕಳಿಸಿದ್ದರು. ಔವಾಲೆಗೆ ಮಾತ್ರ ಒಂದೇ ಏಟಿಗೆ ಅರ್ಥವಾಗಿತ್ತು. "ಅಂದ್ರೆ ಹುಡುಕಾಟಕ್ಕೂ ಒಂದು ವಂಶಾವಳಿ! ಅಪ್ಪನ್ನ ಹೇಳದ ಸಾಲಿಗೆ ಇಲ್ಲಿ ಜಾಗ ಇಲ್ಲ ಅನ್ನು!"

ಈಗ ಒಂದು ಸಾಲು ಅಪ್ಪನನ್ನು ಕಳೆದುಕೊಂಡು ನಿಂತಿತ್ತು.

"ಅಜ್ಜಾ, ಡಬ್ಬ ತೆಗೀರಿ."

ಔವಾಲೆ ಬಾಗಿಲು ಹಾಕಿ ಬಂದ. ಹಳೆಯ ಬೈಬಲ್‌ಗಳ ಕಪಾಟಿನ ಕೆಳಗೆ, ಮುಚ್ಚಿಹೋದ ಅಂಗಡಿಯೊಂದರಿಂದ ತಂದ ಪುಟ್ಟ ರಸೀದಿ ಯಂತ್ರವೊಂದು ಅಡಗಿ ಕೂತಿತ್ತು. ಕಥೆಯ ರಾಕ್ಷಸ ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣ ಇಟ್ಟಂತೆ, ದಿನಚರಿಯ ಜೀವದ ಒಂದು ಪ್ರತಿಯನ್ನು ಫುವಾತಿನೋ ಇಲ್ಲಿಟ್ಟಿದ್ದಳು. ಸರ್ವರಿನಲ್ಲಿ ಸಾಲೊಂದು ಹುಟ್ಟಿದ ಗಳಿಗೆಯಲ್ಲೇ ಇಲ್ಲಿ ಕಾಗದದ ಪಟ್ಟಿಯ ಮೇಲೆ ಕಪ್ಪು ಚುಕ್ಕೆಗಳ ಒಂದು ಚೌಕ ಮೂಡುತ್ತಿತ್ತು. ದಿನವೂ ಬೆಳಗ್ಗೆ ಹಿಂದಿನ ದಿನದ ಪಟ್ಟಿ ಹರಿದು, ಸುರುಳಿ ಸುತ್ತಿ, ಬಿಸ್ಕತ್ತಿನ ಡಬ್ಬಕ್ಕೆ ಹಾಕುವುದು ಮುದುಕನ ಕೆಲಸ. ಭೂಮಿಯ ಮೇಲೆ ಇದು ಗೊತ್ತಿದ್ದವರು ಇಬ್ಬರೇ.

ಗುರುವಾರದ ಸುರುಳಿ ಬಿಚ್ಚಿದರು. ಹದಿನೇಳು. ಅದರ ಕೆಳಗೆ, ಸರ್ವರಿನಲ್ಲಿ ಇಲ್ಲದ ಒಂದು ಚೌಕ.

"ಇದೇ!" ಫುವಾತಿನೋ ಪಿಸುಗುಟ್ಟಿದಳು. "ಸತ್ತವನು ಎದ್ದು ಬಂದ."

ಓದಲು ಮಾತ್ರ ಎರಡು ಬೀಗದಕೈ ಬೇಕು. ಯಾರು, ಯಾವಾಗ ಎಂಬುದು ಯಂತ್ರ ನೋಡಿಕೊಳ್ಳುವವನಿಗೂ ಕಾಣುತ್ತದೆ. ಯಾವ ಪದ, ಯಾವ ಪುಸ್ತಕ ಎಂಬ ಎರಡು ಕೋಣೆಗಳಿಗೆ ಬೀಗ. ಯಾರ ಮನೆಯ ಬೇರನ್ನು ಯಾರು ಕೆದಕುತ್ತಿದ್ದಾರೆ ಎಂಬುದೇ ಒಂದು ತಿಂಗಳ ಹರಟೆಗೆ ಸಾಕಾಗುವ ಊರಿದು. ಒಂದು ಬೀಗದಕೈ ಅವಳದು. ಇನ್ನೊಂದು ಮುದುಕನ ಎದೆಯ ಮೇಲೆ, ಶಿಲುಬೆಯ ಜೊತೆ ಒಂದೇ ದಾರದಲ್ಲಿ.

ಅವನು ದಾರ ಬಿಚ್ಚಿ ಬೀಗದಕೈಯನ್ನು ಯಂತ್ರದ ಬಾಯಿಗೆ ಕೊಟ್ಟ. ಅವಳದನ್ನು ಅವಳು ಕೊಟ್ಟಳು. ಪರದೆಯ ಮೇಲೆ ಚುಕ್ಕೆಗಳು ಕರಗಿ ಅಕ್ಷರಗಳಾದವು.

ಯಾರು: ಔವಾಲೆ.

ಯಾವಾಗ: ಗುರುವಾರ, ಸಂಜೆ ೬:೧೨.

ಪದ: ನಾಫಾ ಲೆಯಾನಿವಾ.

ಪುಸ್ತಕ: ಲೆಯಾನಿವಾ ಮನೆತನ, ಏಳನೆಯ ತಲೆಮಾರು.

ಕಿಟಕಿಯಾಚೆ ಬಂದರಿನಲ್ಲಿ ಹಡಗೊಂದು ಕೂಗಿತು. ಮುದುಕ ತನ್ನ ಹೆಸರನ್ನೇ ದಿಟ್ಟಿಸಿದ.

"ನಾನಲ್ಲ ಮಗಾ."

"ಗೊತ್ತು ಅಜ್ಜ."

"ನಿಂಗೆ ಗೊತ್ತಿದ್ರೆ ಏನು ಬಂತು? ಆ ಹೊತ್ತಲ್ಲಿ ನಾನು ಮನೇಲಿ ಪ್ರಾರ್ಥನೆ ಹೇಳಿಸ್ತಿದ್ದೆ. ಸಾಕ್ಷಿ ಯಾರು? ನನ್ನ ಮಕ್ಕಳು, ನನ್ನ ಮೊಮ್ಮಕ್ಕಳು, ನನ್ನ ಹಂದಿಗಳು. ಫೋನೋ ನಂಬುತ್ತಾ?"

"ಗುಪ್ತಪದ ಇದ್ರೆ ಯಾವ ಫೋನಿಂದಾದ್ರೂ ಹುಡುಕಬಹುದು. ನಿಮ್ಮದು ಯಾರಿಗೆ ಗೊತ್ತು?"

ಮುದುಕ ಕೆಮ್ಮಿದ.

"ಅಜ್ಜಾ?"

"ಮರೆತುಹೋಗುತ್ತೆ ಅಂತ... ಸ್ತೋತ್ರದ ಪುಸ್ತಕದ ಹಿಂದಿನ ರಟ್ಟಲ್ಲಿ ಬರ್ಕೊಂಡಿದೀನಿ."

"ಅಯ್ಯೋ ದೇವರೇ! ಚರ್ಚಲ್ಲಿ ಎಲ್ಲರ ಮುಂದೆ ಎತ್ತಿ ಹಿಡಿದು ಹಾಡ್ತೀರಲ್ಲ, ಅದೇ ಪುಸ್ತಕವಾ?"

"ಅಕ್ಷರ ದೊಡ್ಡದಾಗೇ ಬರ್ದಿದೀನಿ. ಕಣ್ಣು ಕಾಣಬೇಕಲ್ಲ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಡೀ ಗಾಯನವೃಂದವೇ ಈಗ ಶಂಕಿತರ ಪಟ್ಟಿಯಲ್ಲಿ!

ಅಷ್ಟರಲ್ಲಿ ಮುದುಕನೇ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದ. ಮೂರನೆಯ ಸಾಲನ್ನು ಓದಿದ. ಮತ್ತೆ ಓದಿದ. ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಅವಳು ಹೆದರಿದಳು. ಅವನು ನಗುತ್ತಿದ್ದ.

"ನಾಫಾ ಅಂತೆ! ನಾಫಾ! ತಾಯಿ, ಐವತ್ತು ವರ್ಷ ಇದೇ ಪದದಲ್ಲಿ ಅನ್ನ ತಿಂದವನು ನಾನು, ನಾಫಾ ಅಂತ ಬರೀತೀನಾ?"

ಫುವಾತಿನೋ ಪರದೆಗೆ ಬಾಗಿದಳು. ಅವಳ ಕಣ್ಣಿಗೇ ಬಿದ್ದಿರಲಿಲ್ಲ!

ನಮ್ಮ ವ್ಯಂಜನಗಳ ಮೊದಲ ಸಾಲಿನ ಕೊನೆಯಲ್ಲಿ ಙ ಎಂಬೊಂದು ಅಕ್ಷರ ಕೂತಿದೆಯಲ್ಲ. ಶಾಲೆಯ ಗೋಡೆಯಲ್ಲಿ ಅದಕ್ಕೊಂದು ಚಿತ್ರವೂ ಇಲ್ಲ, ಹೆಸರಿಗೊಂದು ಪದವೂ ಇಲ್ಲ. ಆ ಬಡ ಅಕ್ಷರಕ್ಕೆ ಸಮೋವಾದಲ್ಲಿ ಸಿಂಹಾಸನ. ವಂಶಾವಳಿಗೆ ಇಲ್ಲಿ ಙಾಫಾ ಎನ್ನುತ್ತಾರೆ. ಆದರೆ ಅಡುಗೆಮನೆಯಲ್ಲಿ, ಮೀನು ಹಿಡಿಯುವಲ್ಲಿ, ಜಗಳದಲ್ಲಿ ಇವರ ನಾಲಿಗೆ ನಕಾರವನ್ನೂ ಙ ಮಾಡಿಬಿಡುತ್ತದೆ, ತಕಾರವನ್ನು ಕ ಮಾಡುತ್ತದೆ. ಫುವಾತಿನೋ ಮನೆಯಲ್ಲಿ ಫುವಾಕಿಙೋ. ಬರೆಯುವಾಗ, ಪಾದ್ರಿಯೆದುರು ಮಾತಾಡುವಾಗ ಮತ್ತೆ ಎಲ್ಲ ನೆಟ್ಟಗೆ.

ಓದುಬರಹ ಇಲ್ಲಿ ಕಲಿತವರಿಗೆ ಯಾವ ಙ ಹುಟ್ಟಾ ಙ, ಯಾವುದು ವೇಷದ ಙ ಎಂದು ಗೊತ್ತು. ಕಿವಿಯಲ್ಲಷ್ಟೇ ಭಾಷೆ ಕಲಿತವರ ಪಾಡು ಬೇರೆ. ಹಾಲನ್ನು ಆಲು ಎನ್ನುವವನು ನೆಟ್ಟಗೆ ಬರೆಯಲು ಹೋಗಿ ಅಕ್ಕಿಯನ್ನು ಹಕ್ಕಿ ಮಾಡುವಂತೆ, ಅವರು ಕಂಡ ಕಂಡ ಙಕಾರವನ್ನೆಲ್ಲ ತಿದ್ದಿ ನಕಾರ ಮಾಡುತ್ತಾರೆ. ಙಾಫಾ ನಾಫಾ ಆಗುತ್ತದೆ.

"ನಾಫಾ ಅಂದ್ರೆ ಹೊಣೆ, ಕರ್ತವ್ಯ!" ಮುದುಕ ಕಣ್ಣೊರೆಸಿಕೊಂಡ. "ಯಾರೋ ಪಾಪ, ಲೆಯಾನಿವಾ ಮನೆಯ ಕರ್ತವ್ಯ ಏನು ಅಂತ ಹುಡುಕಿದಾರೆ. ಯಂತ್ರ ಮನೆ ಹೆಸರು ಹಿಡ್ಕೊಂಡು ಪುಸ್ತಕ ತೆಗೆದುಕೊಟ್ಟಿದೆ."

"ಇಲ್ಲಿ ಶಾಲೆಗೆ ಹೋಗದವರು. ಹೊರಗೆ ಬೆಳೆದವರು," ಫುವಾತಿನೋ ಬೆರಳು ಮಡಚಿದಳು. "ಆದ್ರೆ ಮನೇಲಿ ಭಾಷೆ ಕೇಳಿದವರು. ಪುಸ್ತಕ ನೋಡಿ ಕಲಿತ ಪಾಲಙಿ ಬಿಳಿಯರು ಈ ತಪ್ಪು ಮಾಡಲ್ಲ. ಅಜ್ಜಾ, ಇದು ಬೆರಳಚ್ಚಿಗಿಂತ ಗಟ್ಟಿ!"

"ಗಟ್ಟಿ ನಿಂಗೆ, ನಂಗೆ. ಒಂದಕ್ಷರ ತೋರಿಸಿದ್ರೆ ಫೋನೋ ನಗುತ್ತೆ. ಹೆಸರು ಬೇಕು."

"ಹಾಗಾದ್ರೆ ಬಲೆ ಹಾಕೋಣ. ನಿಮ್ಮ ಗುಪ್ತಪದ ಬದಲಾಯಿಸೋದು ಬೇಡ. ಹಾಗೇ ಇರಲಿ, ಗಾಳದ ತುದಿಯ ಹುಳುವಿನ ಹಾಗೆ. ನಾಫಾ ಅನ್ನೋ ಪದ ಮತ್ತೆ ಬಂದ ಕೂಡಲೇ ಆ ಒಂದು ಸಾಲು ಮಾತ್ರ ಬಿಚ್ಚಿಕೊಂಡು ನನ್ನ ಫೋನಿಗೆ ಬರಲಿ. ಇಬ್ಬರ ಒಪ್ಪಿಗೆ, ಎರಡೂ ಬೀಗದಕೈ. ಏನಂತೀರಿ?"

ಮುದುಕ ಬೀಗದಕೈಗೆ ಮುತ್ತಿಟ್ಟು ಯಂತ್ರಕ್ಕೆ ಕೊಟ್ಟ.

ಈಗ ಅವಳ ತಲೆಯಲ್ಲಿ ಒಂದೇ ಹೆಸರು ಕುಣಿಯುತ್ತಿತ್ತು. ಹೊರಗೆ ಬೆಳೆದವನು. ಗಾಯನವೃಂದದಲ್ಲಿ ಹಾಡುವವನು. ಸರ್ವರಿನ ಮೂಲ ಬೀಗದಕೈ ಇದ್ದವನು. ಸಾಲು ಅಳಿಸಬಲ್ಲವನು ಇಡೀ ಭಂಡಾರದಲ್ಲಿ ಅವನೊಬ್ಬನೇ.

ಸೆಮಿಸಿ.

ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದಳು. ಮುಚ್ಚಳದ ಮೇಲೆ ಎಂದಿನಂತೆ ಲನು ಅತ್ತೆಯ ಚೀಟಿ ಅಂಟಿತ್ತು: 'ನಾಲುವೆ ಮಾಲೋಸಿ, ನನ್ನ ಚಿನ್ನ.' ಜೋರಾಗಿ ದುಡಿ ಎಂಬ ಹಾರೈಕೆ. ಚೀಟಿಯನ್ನು ಕಿತ್ತು ಜೇಬಿಗೆ ತುರುಕಿದಳು.

ಯಂತ್ರದ ಕೋಣೆ ತಣ್ಣಗೆ ಗುಂಯ್‌ಗುಡುತ್ತಿತ್ತು. ಸೆಮಿಸಿ ಎರಡು ಕಾಲನ್ನೂ ಮೇಜಿನ ಮೇಲೆ ಚಾಚಿ ಹಂದಿಮಾಂಸದ ಬನ್ನು ತಿನ್ನುತ್ತಿದ್ದ. ಆಕ್ಲೆಂಡಿನ ಮಾಂಗೆರೆಯಲ್ಲಿ ಹುಟ್ಟಿ ಬೆಳೆದ ಆರಡಿಯ ಆಳು, ಕಿವಿಯಲ್ಲೊಂದು ಕಡಕು, ಇಲ್ಲಿಗೆ ಬಂದು ನಾಲ್ಕು ವರ್ಷ.

"ಬಾ ಸುಙಾ, ಬಾ ಹುಡುಗಿ. ಏನು ಮುಖ ಹೀಗೆ ಹೊಳೀತಿದೆ? ಯಾರಾದ್ರೂ ಮದುವೆಗೆ ಕೇಳಿದ್ರಾ?"

"ಕೇಳಿದ್ರೆ ನಿನ್ನೇ ಅಡುಗೆಗೆ ಇಟ್ಕೋತೀನಿ, ಸೋಲೆ, ಹುಡುಗಾ. ತಿನ್ನೋದರಲ್ಲಂತೂ ನೀನು ಪಳಗಿದವನು." ಅವಳು ಡಬ್ಬಿ ತೆರೆದಳು. ಕೆಸುವಿನೆಲೆಯಲ್ಲಿ ತೆಂಗಿನಹಾಲು ಕಟ್ಟಿ ಬೇಯಿಸಿದ ಪಲುಸಾಮಿ. ಬೇಕೆಂದೇ ಐದೂ ಬೆರಳನ್ನು ಅದರಲ್ಲಿ ಅದ್ದಿದಳು. "ಏ, ಮೇಲಿನ ಹೊಸ ಪೆಟ್ಟಿಗೆಗೆ ಒಂದು ಚೀಟಿ ಬರ್ಕೊಡೋ. ನನ್ನ ಕೈ ನೋಡು."

"ಏನಂತ?"

"ಙಾಫಾ, ಹಳೆಯವು."

ಸೆಮಿಸಿ ಪೆನ್ನು ಎತ್ತಿದ. ಅವನು ಬರೆದ, ಬೀಸಿ ಒಣಗಿಸಿದ, ಎತ್ತಿ ತೋರಿಸಿದ.

ಙಾಫಾ. ಹುಟ್ಟಾ ಙಕಾರ, ಎದೆಯುಬ್ಬಿಸಿ ನಿಂತಿತ್ತು.

ಅವಳು ಚೀಟಿಯತ್ತ ಬಾಗಿ ಮತ್ತೊಮ್ಮೆ ಓದಿದಳು.

"ಯಾಕೆ, ತಪ್ಪಾ?" ಅವನು ಹುಬ್ಬೇರಿಸಿದ. "ತಪ್ಪಾಗೋಕೆ ಸಾಧ್ಯನೇ ಇಲ್ಲ. ಹತ್ತು ವರ್ಷದವನಿದ್ದಾಗ ನಾಫಾ ಅಂತ ಬರ್ದು ಅಮ್ಮನ ಕೈಲಿ ಪೊರಕೆ ಏಟು ತಿಂದಿದೀನಿ. 'ನಿನ್ನ ಕರ್ತವ್ಯ ಹುಡುಕ್ತಿದೀಯಾ? ಹೋಗಿ ಪಾತ್ರೆ ತೊಳಿ, ಅದೇ ನಿನ್ನ ಕರ್ತವ್ಯ!' ಅಂದ್ಳು. ಅವತ್ತಿಂದ ಙ ಕಂಡ್ರೆ ಬೆನ್ನು ಉರಿಯುತ್ತೆ."

ಅವನ ನಗುವಿನಲ್ಲಿ ಕಳ್ಳತನವಿರಲಿಲ್ಲ. ಆದರೂ ಸಾಲು ತಾನಾಗಿ ಅಳಿಯುವುದಿಲ್ಲ. ಅವಳು ಕೈ ಒರೆಸಿಕೊಂಡಳು.

"ಸೆಮಿಸಿ, ನೂರಾ ಹದಿನೆಂಟನ್ನ ಯಾಕೆ ಅಳಿಸ್ದೆ?"

ಬನ್ನು ಅವನ ಕೈಯಿಂದ ಜಾರಿ ಕೀಲಿಮಣೆಯ ಮೇಲೆ ಬಿತ್ತು.

"ಯಾವ... ಯಾವ ಹದಿನೆಂಟು?"

"ನಂಬರು ಚೆನ್ನಾಗಿ ತಿದ್ದಿದೀಯ. ಮಚ್ಚೆ ತಿದ್ದೋಕೆ ಆಗಲಿಲ್ಲ. ನೀನು ಅಪ್ಪನ್ನ ತೆಗೆದೆ, ಮಗ ಅಳ್ತಾ ಕೂತಿದಾನೆ. ಕೇಳಿಸಲಿಲ್ವಾ?"

ಅವನು ಕಾಲು ಕೆಳಗಿಳಿಸಿದ. ಆರಡಿಯ ಆಳು ಕುರ್ಚಿಯಲ್ಲಿ ಮೂರಡಿಯಾದ.

"ಕಿರುಚಬೇಡ್ವೇ."

"ಇನ್ನೂ ಕಿರುಚಿಲ್ಲ. ಈಗ ಕಿರುಚ್ತೀನಿ. ತೂಫಾಲೆ ಏನು ಕೊಟ್ಟ ನಿಂಗೆ?"

"ತೂಫಾಲೆ?" ಅವನ ಮುಖದಲ್ಲಿ ನಿಜವಾದ ಅಸಹ್ಯ ಮೂಡಿತು. "ಅವನ ನೆರಳಲ್ಲಿ ನಾನು ಮೂತ್ರಾನೂ ಮಾಡಲ್ಲ. ಅಳಿಸಿದ್ದು ನಾನೇ, ಹೌದು. ಶನಿವಾರ ಸುದ್ದಿ ಕೇಳಿ ಓಡಿಬಂದು ದಿನಚರಿ ನೋಡ್ದೆ. ಆ ವಾರ ಸಂಜೆ ಪ್ರಾರ್ಥನೆ ಹೊತ್ತಲ್ಲಿ ಬಂದಿದ್ದು ಒಂದೇ ಸಾಲು. ಯಾರ ಹೆಸರಿತ್ತು ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಕೇಳ್ತೀಯಲ್ಲೇ! ಮುದುಕನೇ ಮಾಡಿದಾನೆ ಅಂದ್ಕೊಂಡೆ ಕಣೇ. ಯಾಕೋ ಏನೋ, ಯಾರೋ ಹೆದರಿಸಿರಬೇಕು ಅಂತ. ನಾನು ಆಕ್ಲೆಂಡಿಂದ ಇಲ್ಲಿಗೆ ಬಂದಾಗ, 'ಇವನ ನಾಲಿಗೆ ಸರಿಯಿಲ್ಲ, ಇವನು ನಮ್ಮವನಲ್ಲ' ಅಂತ ಊರೆಲ್ಲ ಆಡ್ಕೊಂಡಾಗ, ಚಾಪೆ ಹಾಸಿ ಮಲಗು ಮಗಾ ಅಂದವನು ಅವನೊಬ್ಬನೇ. ನಾನು ನೋಡ್ಕೊಂಡು ಕೂರ್ಲಾ?"

"ಏನು ಹುಡುಕಿದ್ರು ಅಂತ ಓದಿದ್ಯಾ?"

"ಹೇಗೆ ಓದ್ಲಿ? ಬೀಗ ಹಾಕಿದ್ದು ನೀನೇ ಅಲ್ವಾ, ಮಹಾತಾಯಿ!"

ಅದು ನಿಜ. ಪದವಿದ್ದ ಕೋಣೆಯನ್ನು ಅವನು ನೋಡಲು ಸಾಧ್ಯವೇ ಇರಲಿಲ್ಲ. ನೋಡಿದ್ದರೆ ಅಳಿಸುತ್ತಲೇ ಇರಲಿಲ್ಲ. ಮುದುಕನನ್ನು ಉಳಿಸಬಲ್ಲ ಒಂದೇ ಒಂದು ಅಕ್ಷರವನ್ನು, ಉಳಿಸುವ ಪ್ರೀತಿಯಿಂದಲೇ, ಈ ದಡ್ಡ ಅಳಿಸಿದ್ದ.

"ಗುರುವಾರ ಸಂಜೆ ಆರು ಹನ್ನೆರಡಕ್ಕೆ ನೀನೆಲ್ಲಿದ್ದೆ?" ಕೊನೆಯ ಪ್ರಯತ್ನವೆಂಬಂತೆ ಕೇಳಿದಳು.

"ಅದನ್ನ ನನ್ನ ಕೇಳ್ತೀಯಾ? ವೈತಾಲಿಯ ನಾಯಿಗಳನ್ನ ಕೇಳು, ಹೇಳ್ತಾವೆ!"

ಅವಳಿಗೆ ಥಟ್ಟನೆ ನೆನಪಾಯಿತು. ಗುರುವಾರ! ದಿನವೂ ಸಂಜೆ ಶಂಖ ಊದಿದೊಡನೆ ಊರಿಗೆ ಊರೇ ಮನೆಯೊಳಗೆ ಕೂತು ಪ್ರಾರ್ಥಿಸುವ ಹೊತ್ತು, ಸಾ. ಎರಡನೆಯ ಶಂಖದ ತನಕ ರಸ್ತೆಯಲ್ಲಿ ನಡೆಯುವಂತಿಲ್ಲ. ದೊಣ್ಣೆ ಹಿಡಿದ ಯುವಕರು ಕಾವಲು ನಿಲ್ಲುತ್ತಾರೆ. ಆ ಗುರುವಾರ ಕಿವಿಗೆ ಹಾಡಿನ ಬಿರಡೆ ಹಾಕಿಕೊಂಡ ಸೆಮಿಸಿ, ಶಂಖ ಕೇಳಿಸದೆ, ಊರ ನಡುರಸ್ತೆಯಲ್ಲಿ ಸೊಂಟ ಕುಣಿಸುತ್ತಾ ನಡೆದು ಬಂದಿದ್ದ. ಇಡೀ ಊರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾ ಒಂದು ಕಣ್ಣು ತೆರೆದು ನೋಡಿತ್ತು. ದಂಡ: ಎರಡು ಪೆಟ್ಟಿಗೆ ಡಬ್ಬಿ ಮೀನು.

ಅವಳಿಗೆ ತಡೆಯಲಾಗಲಿಲ್ಲ. ಗೊಳ್ಳೆಂದು ನಕ್ಕಳು.

"ನಗು, ನಗು. ಪಾದ್ರಿಯ ಹೆಂಡತಿ ಇನ್ನೂ ನನ್ನ ಕಂಡ್ರೆ ಸೊಂಟ ಕುಣಿಸ್ತಾಳೆ."

"ಸೆಮಿಸಿ, ನಾಳೆ ಫೋನೋ ಮುಂದೆ ಬಂದು, ಅಳಿಸಿದ್ದು ನಾನೇ ಅಂತ ಹೇಳ್ತೀಯಾ? ಇಲ್ಲದಿದ್ರೆ, ತಪ್ಪು ಮಾಡಿದ್ದೂ ಮುದುಕ, ಅಳಿಸಿದ್ದೂ ಮುದುಕ ಅಂತಾರೆ."

"ಇನ್ನೆಷ್ಟು ಮೀನು ಕೊಡ್ಲೇ ನಾನು!" ಅವನು ತಲೆ ಹಿಡಿದುಕೊಂಡ. ಆಮೇಲೆ ಬಹಳ ಮೆತ್ತಗೆ, "ಹೇಳ್ತೀನಿ," ಎಂದ. "ಆದ್ರೆ ಸುಙಾ, ಅಳಿಸಿದವನು ಸಿಕ್ಕ. ಹುಡುಕಿದವನು?"

ಅದೇ ಪ್ರಶ್ನೆ ಸಂಜೆಯ ಬಸ್ಸಿನಲ್ಲೂ ಅವಳ ಜೊತೆ ಕೂತಿತ್ತು. ಬಸ್ಸು ಕಿಕ್ಕಿರಿದಿತ್ತು. ಇಲ್ಲಿನ ಬಸ್ಸುಗಳ ರೂಢಿಯಂತೆ ಅವಳ ಮಡಿಲಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಆರಾಮಾಗಿ ಕೂತು, ಡ್ರೈವರ್ ಹಾಕಿದ ಹಾಡಿಗೆ ತಲೆ ತೂಗುತ್ತಿದ್ದಳು. ಆರಕ್ಕೆ ಕಾಲುಗಂಟೆ ಉಳಿದಿತ್ತು. ಹೊರಗೆ ಬೆಳೆದವರು ಯಾರು, ಗಾಯನವೃಂದದಲ್ಲಿ ಔವಾಲೆಯ ಹಿಂದೆ ನಿಲ್ಲುವವರು ಯಾರು? ಒಬ್ಬೊಬ್ಬರ ಮುಖವನ್ನೂ ಮನಸ್ಸಿನಲ್ಲಿ ತಿರುವಿ ಹಾಕುತ್ತಾ, ಚಿಲ್ಲರೆಗೆ ಜೇಬಿಗೆ ಕೈ ಹಾಕಿದಳು.

ನಾಣ್ಯದ ಜೊತೆ ಚೀಟಿಯೂ ಬಂತು.

ತೆಂಗಿನಹಾಲಿನ ಕಲೆ. ದುಂಡು ಅಕ್ಷರ. ನಾಲುವೆ ಮಾಲೋಸಿ.

ದುಡಿಮೆಗೆ ನಾಲುವೆ ಎನ್ನುವುದಿಲ್ಲ.

ಙಾಲುವೆ ಎನ್ನುತ್ತಾರೆ.

ಫುವಾತಿನೋಳ ಕೈ ಅಲ್ಲೇ ನಿಂತುಹೋಯಿತು. ಎರಡು ತಿಂಗಳಿಂದ ದಿನವೂ ಈ ಚೀಟಿ ಓದುತ್ತಿದ್ದಳು. ಪ್ರೀತಿಯವರ ತಪ್ಪು ಕಣ್ಣಿಗೆ ತಪ್ಪಾಗಿ ಬೀಳುವುದೇ ಇಲ್ಲ.

ಲನು ಅತ್ತೆ, ಲನುವೋಲಾ, ಅಪ್ಪನ ಅಕ್ಕ. ಆಕ್ಲೆಂಡಿನಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಎರಡು ತಿಂಗಳ ಹಿಂದೆ ಒಂದೇ ಪೆಟ್ಟಿಗೆ ಹಿಡಿದು ಬಂದಿಳಿದವಳು. ಗಾಯನವೃಂದದ ಮಂದ್ರದ ದನಿ. ನಿಲ್ಲುವುದು ಔವಾಲೆಯ ಬೆನ್ನ ಹಿಂದೆ.

ಬಾಲ್ಯದುದ್ದಕ್ಕೂ ಅದೇ ದನಿ ಸಮುದ್ರ ದಾಟಿ ಫೋನಿನಲ್ಲಿ ಬರುತ್ತಿತ್ತು, ದೆವ್ವದ ಹೆಂಗಸಿನ ಕಥೆ, ಮಾತಾಡುವ ಆಮೆಯ ಕಥೆ. ಕಥೆಗೆ 'ಔಎ' ಎಂದು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಅತ್ತೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ಕೇಳ್ತಿದೀಯಾ ನನ್ನ ಚಿನ್ನ?" "ಔಎ, ಅತ್ತೆ." ಅಮ್ಮನಿಗಿಂತ ಮೊದಲು ಅವಳಿಗೆ ಪರಿಚಯವಾದದ್ದು ಆ ದನಿಯೇ ಏನೋ.

ಗುರುವಾರ ಸಾ ಹೊತ್ತಿನಲ್ಲಿ ಅತ್ತೆ ಎಲ್ಲಿದ್ದಳು? "ಮಂಡಿ ನೋವು, ನೆಲಕ್ಕೆ ಕೂರೋಕಾಗಲ್ಲ, ಹಿಂದಿನ ಕೋಣೇಲೇ ಪ್ರಾರ್ಥಿಸ್ತೀನಿ." ದಿನವೂ ಹಾಗೇ. ಫುವಾತಿನೋ ಮುಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ, ನಡುವೆ ಬರಿಯ ಒಂದು ಹಲಗೆಯ ಗೋಡೆ.

ಮಡಿಲ ಹೆಂಗಸನ್ನು ತಳ್ಳಿಕೊಂಡೇ ಎದ್ದಳು. "ಇಳೀಬೇಕು! ಇಳೀಬೇಕು!"

"ನಿಧಾನ ಕಣೇ ಹುಡುಗಿ, ನನ್ನ ಮೀನು!"

ಓಡಿದಳು. ಮುದುಕನನ್ನು ಉಳಿಸುವ ಹೆಸರು ಅವಳ ಬಾಯಲ್ಲಿತ್ತು, ಮತ್ತು ಅದನ್ನು ನುಡಿದರೆ ಅವಳ ಮನೆಯೇ ಊರಾಚೆ ನಡೆಯಬೇಕಿತ್ತು.

ಲನು ಅತ್ತೆ ಅಡುಗೆಯ ಚಪ್ಪರದಲ್ಲಿ ಕೋಕೋ ಕುದಿಸುತ್ತಿದ್ದಳು. ದಪ್ಪ ತೋಳು, ಕಿವಿಯ ಹಿಂದೆ ಕೆಂಪು ಹೂವು, ಮುಖ ತುಂಬ ನಗು.

"ಬಂದ್ಯಾ ನನ್ನ ಚಿನ್ನ? ಏನೇ ಇದು ಓಟ, ಹಿಂದೆ ಹುಡುಗ ಬಿದ್ದಿದಾನಾ, ಹಂದಿ ಬಿದ್ದಿದೆಯಾ?"

"ಅತ್ತೆ."

"ಡಬ್ಬಿ ಖಾಲಿಯಾ ಇಲ್ವಾ, ಮೊದಲು ಅದು ಹೇಳು."

"ಅತ್ತೆ, ಙಾಫಾ ಹೇಗೆ ಬರೀತಾರೆ?"

ಕೋಕೋ ತಿರುವುತ್ತಿದ್ದ ಸೌಟು ನಿಂತಿತು. ಒಂದು ಗುಳ್ಳೆ ಎದ್ದು ಒಡೆಯಿತು. ಅತ್ತೆಯ ಕಣ್ಣು ಅವಳ ಕಣ್ಣನ್ನು ಹುಡುಕಿತು. ಆ ನೋಟದಲ್ಲಿದ್ದದ್ದು ಹೆದರಿಕೆಯಲ್ಲ. ಕಥೆಯ ಕೊನೆಗೆ ಬಂದಾಗ, ಹೇಳಲೋ ಬೇಡವೋ ಎಂದು ಕಥೆಗಾತಿ ನಿಲ್ಲುತ್ತಾಳಲ್ಲ, ಅಂಥದೇನೋ.

"ಯಾಕೆ ಕೇಳ್ತೀಯ?"

ಅಷ್ಟರಲ್ಲಿ ಶಂಖ ಮೊಳಗಿತು.

ರಸ್ತೆಯ ಆಟ, ಕೂಗು, ನಾಯಿ ಎಲ್ಲ ಒಮ್ಮೆಗೇ ನಿಂತವು. ಚಪ್ಪರದಾಚೆ ದೊಣ್ಣೆ ಹಿಡಿದ ಯುವಕರು ಸಾಲಾಗಿ ನಿಂತರು. "ಫುವಾಕಿಙೋ! ಒಳಗೆ!" ಅಪ್ಪ ಗದರಿದ. ಅತ್ತೆ ಅವಳ ಕೆನ್ನೆ ಸವರಿ, ಮಂಡಿ ಹಿಡಿದುಕೊಂಡು, ಹಿಂದಿನ ಕೋಣೆಗೆ ನಡೆದು ಬಾಗಿಲು ಎಳೆದುಕೊಂಡಳು.

ಅಪ್ಪ ಸ್ತೋತ್ರ ಎತ್ತಿದ. ಅಮ್ಮ ಸೇರಿಸಿದಳು. ಚಾಪೆಯ ಮೇಲೆ ಕಾಲು ಮಡಚಿ ಕೂತ ಫುವಾತಿನೋಗೆ ಹಲಗೆಯ ಗೋಡೆಯಾಚೆಯಿಂದ ಆ ಮಂದ್ರದ ದನಿ ಕೇಳಿಸಿತು, ಒಂದು ಸ್ವರವೂ ತಪ್ಪದೆ.

ಆಗ ಅವಳ ಮಡಿಲಲ್ಲಿ ಫೋನು ನಡುಗಿತು.

ಏಳುವಂತಿಲ್ಲ. ಮಾತಾಡುವಂತಿಲ್ಲ. ಲಾವಲಾವಾದ ಮಡಿಕೆಯೊಳಗೇ ಅವಳು ಬೆಳಕಿನ ಆ ಚೌಕವನ್ನು ಓರೆ ಮಾಡಿ ನೋಡಿದಳು. ಬಲೆಗೆ ಬಿದ್ದ ಸಾಲು ಬಿಚ್ಚಿಕೊಂಡು ಕೂತಿತ್ತು.

ಯಾರು: ಔವಾಲೆ.

ಯಾವಾಗ: ಸೋಮವಾರ, ಸಂಜೆ ೬:೦೪.

ಗೋಡೆಯಾಚೆ ಹಾಡು ಮುಂದುವರಿದಿತ್ತು. ಹಾಡುತ್ತಲೇ ಆಡುತ್ತಿದ್ದ ಬೆರಳು!

ಪದ: ನಾಫಾ ಫುವಾತಿನೋ.

ತನ್ನ ಹೆಸರು. ಬೀಗ ಮಾಡಿದವಳು ಪೆಟ್ಟಿಗೆ ತೆರೆಯಬಾರದೆಂದು ಅವಳು ಒಂದು ದಿನವೂ ಹುಡುಕದ ಹೆಸರು. ಸಿಕ್ಕಿದರೆ ಅದು ಅಪ್ಪನ ಮನೆತನದ ಪುಸ್ತಕದಲ್ಲಿ ಸಿಗಬೇಕು. ಅಪ್ಪ ಎದುರಿಗೇ ಕಣ್ಣು ಮುಚ್ಚಿ ಹಾಡುತ್ತಿದ್ದ. ಅವಳು ಕೊನೆಯ ಸಾಲಿಗೆ ಬೆರಳು ಸರಿಸಿದಳು.

ಪುಸ್ತಕ: ಲೆಯಾನಿವಾ ಮನೆತನ, ಏಳನೆಯ ತಲೆಮಾರು.

ಬೇರೆ ಕೈಗೆ ಹೋದ ಒಂದು ಮಗು. ಗೋಡೆಯಾಚೆ ಹಾಡು ನಿಂತಿತು. ಹಲಗೆಯ ಸಂದಿಯಿಂದ, ಆಗ ಸಮುದ್ರ ದಾಟಿ ಬರುತ್ತಿದ್ದಷ್ಟೇ ಮೆಲ್ಲಗೆ, ಆ ದನಿ ಕೇಳಿತು:

"ಕೇಳ್ತಿದೀಯಾ, ನನ್ನ ಚಿನ್ನ?"